ಜೂನ್ ಒಂಬತ್ತರ ಮಾಂತು

ಪುಣೆ
14 ಜೂನ್ 2025

ಚನ್ನವೀರ ಅವರಿಗೆ,

ಶೈಲಾ ಬರೆಯುತ್ತಿರುವುದು. ನಾನೂ ಮಾಂತೂ ಇಲ್ಲಿ ಇದ್ದ ಹಾಗೆಯೇ ಇದ್ದೇವೆ. ಹುಬ್ಬಳ್ಳಿಯಲ್ಲಿ ನೀವು, ನಿಮ್ಮ ಮನೆಯವರು, ಮಗಳು ಆರಾಮ ಇರಬಹುದು ಎಂದುಕೊಂಡಿದ್ದೇನೆ.

ನಾವು ಬೇರೆಯಾದಾಗ ವಕೀಲರು, ಫೋನಿನಲ್ಲಿ ಮಾತಿಗೆ ಮಾತು ಬೆಳೆಯುತ್ತದೆ, ಏನಿದ್ದರೂ ಬರೆದು ತಿಳಿಸಿ ಎಂದಿದ್ದರು. ಎಂಟು ವರ್ಷದಲ್ಲಿ ಇದು ನನ್ನ ಮೂರನೇ ಪತ್ರ. ನಿಮ್ಮ ಹೆಸರು ಹಿಡಿದು ಬರೆಯಲು ನನಗೆ ಇನ್ನೂ ರೂಢಿಯಾಗಿಲ್ಲ.

ಮಾಂತೂನ ಖರ್ಚಿಗೆ ಪ್ರತಿ ತಿಂಗಳು ಐದನೇ ತಾರೀಕಿಗೆ ನೀವು ಹಾಕುತ್ತಿದ್ದ ಹಣ ಈ ತಿಂಗಳು ಬಂದಿಲ್ಲ. ಬ್ಯಾಂಕಿನ ರಜೆ ಇರಬಹುದು ಎಂದು ಮೊದಲು ಸುಮ್ಮನಿದ್ದೆ. ಆಮೇಲೆ ಹೋಗಿ ಕೇಳಿದೆ. ಅವರ ಕಡೆಯಿಂದ ತಪ್ಪಿಲ್ಲವಂತೆ.

ಮಾಂತು ಹನ್ನೆರಡನೆಯದನ್ನು ಪಾಸು ಮಾಡಿದ್ದಾನೆ. ನೂರಕ್ಕೆ ಎಪ್ಪತ್ತೆಂಟು. ಫಾರ್ಮಸಿ ಓದುತ್ತಾನಂತೆ. ಆಗಸ್ಟ್ ಕೊನೆಯೊಳಗೆ ಮೊದಲ ವರ್ಷದ ಶುಲ್ಕ ಕಟ್ಟಬೇಕು. ಹೋಟೆಲಿನ ಸಂಬಳದಲ್ಲಿ ಮನೆ ಬಾಡಿಗೆ ಮತ್ತು ಊಟ ನಡೆಯುತ್ತದೆ. ಅದರ ಆಚೆಗೆ ಏನೂ ಇಲ್ಲ. ಈ ಶುಲ್ಕಕ್ಕೆ ನಾನು ನಿಮ್ಮ ಹಣವನ್ನೇ ನಂಬಿಕೊಂಡಿದ್ದೆ.

ತಡವಾಗಿದ್ದರೆ ಎಂದು ಬರುತ್ತದೆ ಅಂತ ಒಂದು ಸಾಲು ಬರೆಯಿರಿ.

ಶೈಲಾ

*

ಹುಬ್ಬಳ್ಳಿ
25 ಜೂನ್ 2025

ಶ್ರೀಮತಿ ಶೈಲಾ ಅವರಿಗೆ,

ನಿಮ್ಮ ಪತ್ರ ತಲುಪಿತು. ವಿಷಯ ತಿಳಿಯಿತು.

2017ರಲ್ಲಿ ಕೋರ್ಟಿನ ಮುಂದೆ ನಾವಿಬ್ಬರೂ ಸಹಿ ಮಾಡಿದ ಒಪ್ಪಂದದ ನಾಲ್ಕನೇ ಕಲಮನ್ನು ನೋಡಬೇಕು. ಮಗನಿಗೆ ಹದಿನೆಂಟು ವರ್ಷ ತುಂಬುವವರೆಗೆ ಮಾತ್ರ ಜೀವನಾಂಶ ಎಂದು ಅದರಲ್ಲಿ ಸ್ಪಷ್ಟವಾಗಿದೆ. ಅವನ ಜನ್ಮದಿನಾಂಕ 9-6-2007 ಎಂದೂ ನಮೂದಾಗಿದೆ. ಈ ತಿಂಗಳು ಹದಿನೆಂಟು ತುಂಬಿದ್ದರಿಂದ ಹೋದ ತಿಂಗಳಿನದು ಕೊನೆಯದು. ಇಷ್ಟು ವರ್ಷ ಒಂದು ತಿಂಗಳೂ ತಪ್ಪಿಸಿಲ್ಲ ಎಂಬುದನ್ನು ನೀವು ಒಪ್ಪುತ್ತೀರಿ.

ಪಾರ್ಸಲ್ ಆಫೀಸಿನಲ್ಲಿ ನನ್ನದು ಇನ್ನೂ ಗುಮಾಸ್ತನ ಕೆಲಸವೇ. ಇಲ್ಲಿಯೂ ಒಂದು ಸಂಸಾರ ಇದೆ. ಮಗಳನ್ನು ಈ ವರ್ಷ ಶಾಲೆಗೆ ಹಾಕಿದ್ದೇವೆ. ಮಾಂತು ಈಗ ವಯಸ್ಕ. ಬ್ಯಾಂಕುಗಳು ಶಿಕ್ಷಣಕ್ಕೆ ಸಾಲ ಕೊಡುತ್ತವೆ, ಅವನೇ ವಿಚಾರಿಸಬಹುದು.

ಅವನು ಪಾಸಾದದ್ದು ಸಂತೋಷ. ಅಂಕಪಟ್ಟಿಯ ಒಂದು ಪ್ರತಿ ಕಳಿಸಿದರೆ ನೋಡುತ್ತೇನೆ. ಒಂಬತ್ತನೇ ತಾರೀಕಿನ ಹುಟ್ಟುಹಬ್ಬಕ್ಕೆ ನನ್ನ ಕಡೆಯಿಂದ ಆಶೀರ್ವಾದ ತಿಳಿಸಿ.

ಚನ್ನವೀರ

*

ಪುಣೆ
5 ಜುಲೈ 2025

ಚನ್ನವೀರ ಅವರಿಗೆ,

ನಿಮ್ಮ ಪತ್ರ ಬಂದು ಐದು ದಿನವಾಯಿತು. ನಾಲ್ಕನೇ ಕಲಮು ಅರ್ಥವಾಯಿತು. ಕೊನೆಯ ಸಾಲನ್ನು ಮಾತ್ರ ದಿನಾ ಒಮ್ಮೆ ತೆಗೆದು ಓದಿದೆ. ಅಂಕಪಟ್ಟಿಯ ಪ್ರತಿ ಇದರೊಳಗೆ ಇದೆ.

ಒಂಬತ್ತನೇ ತಾರೀಕು ಯಾವ ಮಾಂತೂನ ಹುಟ್ಟುಹಬ್ಬ?

ಇದನ್ನು ನಿಮಗೆ ನಾನು ಬರೆದು ತಿಳಿಸಬೇಕಾಗುತ್ತದೆ ಎಂದು ಯೋಚಿಸಿರಲಿಲ್ಲ. ನಾನು ದಿನಾ ವಹಿಯಲ್ಲಿ ನಾಲ್ಕು ಸಾಲು ಬರೆಯುತ್ತೇನೆ, ನಿಮಗೆ ಗೊತ್ತು. ಹಳೆಯ ವಹಿಗಳನ್ನು ತೆಗೆದು ನೋಡಿ ಬರೆಯುತ್ತಿದ್ದೇನೆ. ತಪ್ಪಿದ್ದರೆ ತಿದ್ದಿರಿ.

ಮೊದಲ ಹೆರಿಗೆ ತವರಿನಲ್ಲಿ ಆಗಬೇಕಿತ್ತು. ಬಸುರಿಗೆ ಕುಬಸ ಮಾಡಿ ತವರೂರು ಇಂಡಿಗೆ ಕರೆದೊಯ್ಯುವ ಹೊತ್ತಿಗೆ ನನ್ನ ಕಾಲುಗಳು ಊದಿದವು. ಪ್ರಯಾಣ ಬೇಡ ಎಂದು ಡಾಕ್ಟರು ಹೇಳಿದರು. ಅದಕ್ಕೇ ಅವನು ಪುಣೆಯ ಆಸ್ಪತ್ರೆಯಲ್ಲಿ ಹುಟ್ಟಿದ. 9 ಜೂನ್ 2007. ನಿಮ್ಮ ಅಪ್ಪನ ಹೆಸರು ಇಟ್ಟೆವು, ಮಾಂತು. ನೀವೇ ಹೋಗಿ ಜನನ ಪ್ರಮಾಣಪತ್ರ ಮಾಡಿಸಿ, ಪ್ಲಾಸ್ಟಿಕ್ ಹಾಕಿಸಿಕೊಂಡು ಬಂದಿರಿ. ಗಣಪತಿ ಹಬ್ಬಕ್ಕೆ ಅವನನ್ನು ಮೊದಲ ಸಲ ಇಂಡಿಗೆ ಕರೆದುಕೊಂಡು ಹೋದೆವು. ಎರಡು ದಿನ ಜ್ವರ ಬಂತು. ಆಸ್ಪತ್ರೆಗೆ ಹೊರಟ ಜೀಪು ವಿಜಯಪುರ ಮುಟ್ಟುವ ಮೊದಲೇ ಅವನು ಹೋದ. ತಿರುಗಿ ಇಂಡಿಗೆ ಬಂದು, ನಮ್ಮ ಅಪ್ಪನ ಹೊಲದ ಬದುವಿನಲ್ಲಿ ಮಣ್ಣು ಮಾಡಿದೆವು. ನೀವು ಅಲ್ಲಿ ಒಂದು ಕಲ್ಲು ಇಟ್ಟಿರಿ.

ಹೆರಿಗೆ ತವರಲ್ಲಿ ಆಗಲಿಲ್ಲ, ಅದಕ್ಕೇ ಹೀಗಾಯಿತು ಎಂದು ಹಿರಿಯರೆಲ್ಲ ಹೇಳಿದರು. ಹಾಗಾಗಿ ಎರಡನೆಯವನು ಇಂಡಿಯ ಮನೆಯಲ್ಲೇ ಹುಟ್ಟಿದ. 22 ಆಗಸ್ಟ್ 2008. ನಿಮ್ಮ ತಾಯಿ ಅವನ ತೊಟ್ಟಿಲಲ್ಲೂ ಅದೇ ಹೆಸರು ಕರೆದರು. "ಹ್ವಾದಾವ ತಿರುಗಿ ಬಂದಾನ. ಹೆಸರು ಯಾಕ ಬದಲ ಮಾಡೂದು?" ಎಂದರು. ನಾನು ಏನೂ ಅನ್ನಲಿಲ್ಲ. ಮರುವರ್ಷ ಜೇಜುರಿಯಲ್ಲಿ ಜವಳ ತೆಗೆಸುವಾಗ ಕ್ಷೌರದವನು, ಮೊದಲನೇ ಕೂಸೇನು ಎಂದು ಮರಾಠಿಯಲ್ಲಿ ಕೇಳಿದ. ನೀವು ಹೌದು ಎಂದಿರಿ. ಆಗಲೂ ನಾನು ಅನ್ನಲಿಲ್ಲ.

2013ರಲ್ಲಿ ನಾನು ಹೋಟೆಲಿನ ಕೆಲಸಕ್ಕೆ ಸೇರಿದೆ. ಹುಡುಗನನ್ನು ನೋಡಿಕೊಳ್ಳುವವರು ಯಾರೂ ಇರಲಿಲ್ಲ. ಅವನಿಗೆ ಐದೂ ತುಂಬಿರಲಿಲ್ಲ. ಶಾಲೆಗೆ ಹೊರಟ ದಿನ, ಇಂಡಿಯ ಪಂಚಾಯ್ತಿಯಲ್ಲಿ ಅವನ ಹುಟ್ಟಿದ ದಾಖಲೆ ಸಿಗಲಿಲ್ಲ ಎಂದು ನೀವು ಹೇಳಿದಿರಿ. ಟ್ರಂಕು ತೆಗೆದು ಪ್ಲಾಸ್ಟಿಕ್ ಹಾಕಿದ ಕಾಗದವನ್ನು ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡಿರಿ. "ಹೆಸರು ಒಂದ ಅದ. ಯಾರ್ ಕೇಳ್ತಾರ?" ಎಂದಿರಿ. ಯಾರೂ ಕೇಳಲಿಲ್ಲ. ಕೇಳಬೇಕಾದವಳು ನಾನು ಒಲೆಯ ಮುಂದೆ ನಿಂತಿದ್ದೆ.

ಆ ತಾರೀಕೇ ಶಾಲೆಗೆ ಹೋಯಿತು. ಶಾಲೆಯಿಂದ ಆಧಾರಿಗೆ, ಆಧಾರಿನಿಂದ ನಮ್ಮ ಒಪ್ಪಂದಕ್ಕೆ.

ಇಲ್ಲಿರುವ ಮಾಂತೂನಿಗೆ ಹದಿನೆಂಟು ತುಂಬಲು ಇನ್ನೂ ಒಂದು ವರ್ಷ ಒಂದೂವರೆ ತಿಂಗಳು ಇದೆ. ಅಷ್ಟು ದಿನ ನೀವು ಕೊಡಬೇಕು. ನಾನು ಹೆಚ್ಚಿಗೆ ಕೇಳುತ್ತಿಲ್ಲ.

ಅವನಿಗೆ ಇದು ಯಾವುದೂ ಗೊತ್ತಿಲ್ಲ. ಆಶೀರ್ವಾದ ಹೇಳಲಿಲ್ಲ.

ಶೈಲಾ

*

ಪುಣೆ
27 ಜುಲೈ 2025

ಚನ್ನವೀರ ಅವರಿಗೆ,

ಮೂರು ವಾರವಾಯಿತು. ನಿಮ್ಮ ಉತ್ತರ ಇಲ್ಲ. ಜುಲೈ ಐದಕ್ಕೂ ಏನೂ ಬರಲಿಲ್ಲ.

ನನ್ನ ಪತ್ರದಿಂದ ನೀವು ಹೆದರಿರಬಹುದು ಎಂದು ಆಮೇಲೆ ಅನಿಸಿತು. ನಾನು ಹೆದರಿಸಲು ಬರೆಯಲಿಲ್ಲ.

ಹೋಟೆಲಿನ ಒಡತಿ ಕುಸುಮ ಅವರು ನನ್ನನ್ನು ಎರಡು ದಿನ ಗಮನಿಸಿದರು. ಮೂರನೇ ದಿನ ಚಾಕು ಕಸಿದು ಪಕ್ಕಕ್ಕೆ ಇಟ್ಟು ಹೇಳಿದರು, "ಅವ್ರು ಕೊಡದಿದ್ರೆ ನೀನು ಕೇಳ್ಬೇಕಲ್ಲ. ಸುಮ್ನೆ ಬೀನ್ಸ್ ತುಂಡು ಮಾಡ್ತಾ ಕೂತ್ರೆ ಆಗ್ತದಾ ಮಾರಾಯ್ತಿ? ಬೀನ್ಸಿಗೆ ಎಂತ ಗೊತ್ತುಂಟು ನಿನ್ನ ಕಷ್ಟ?" ತಮಗೆ ಗೊತ್ತಿರುವ ವಕೀಲರ ಹತ್ತಿರ ಅವರೇ ಕಳಿಸಿದರು.

ವಕೀಲರು ಒಳ್ಳೆಯವರು. ಎಲ್ಲವನ್ನೂ ಕೇಳಿ, ಕನ್ನಡಕ ತೆಗೆದು ಮೇಜಿನ ಮೇಲೆ ಇಟ್ಟರು. ಎರಡನೆಯವನ ಹುಟ್ಟಿನ ಕಾಗದ ಇದೆಯೇ ಎಂದರು. ಇಲ್ಲ ಎಂದೆ. ಮೊದಲನೆಯವನು ತೀರಿಕೊಂಡದ್ದಕ್ಕೆ ಕಾಗದ ಇದೆಯೇ ಎಂದರು. ಇಲ್ಲ. ಮೂರು ತಿಂಗಳ ಕೂಸು, ಹೊಲದಲ್ಲಿ ಮಣ್ಣು ಮಾಡಿದ್ದು, ಯಾರು ಬರೆಸುತ್ತಾರೆ. ಅವರು ಕನ್ನಡಕ ಮತ್ತೆ ಹಾಕಿಕೊಂಡರು. ಹಾಗಿದ್ದರೆ ಕಾಗದದ ಪ್ರಕಾರ ತೀರಿಕೊಂಡವನು ಯಾರೂ ಇಲ್ಲ, ಎರಡನೆಯವನು ಹುಟ್ಟಿಯೇ ಇಲ್ಲ ಎಂದು ಮರಾಠಿಯಲ್ಲಿ ಹೇಳಿದರು. ಬೈಯಲಿಲ್ಲ. ಇದ್ದದ್ದನ್ನು ಹೇಳಿದರು.

ದಾವೆ ಹಾಕಿದರೆ ಮೊದಲು ತಾರೀಕು ತಪ್ಪು ಎಂದು ನಾವೇ ಒಪ್ಪಬೇಕಂತೆ. ಆಮೇಲೆ ಹತ್ತನೆಯದು, ಹನ್ನೆರಡನೆಯದು, ಆಧಾರ್, ಎಲ್ಲದರ ಮೇಲೂ ಪ್ರಶ್ನೆ ಬರುತ್ತದೆ. ಅದು ಮುಗಿಯುವವರೆಗೆ ಯಾವ ಕಾಲೇಜೂ ಅವನನ್ನು ಸೇರಿಸಿಕೊಳ್ಳಲಿಕ್ಕಿಲ್ಲ. ಓದಿಸಲು ಬೇಕಾದ ಹಣ ಕೇಳಿದರೆ ಓದೇ ನಿಲ್ಲುತ್ತದೆ.

ಹಾಗಾಗಿ ನಾನು ಕೋರ್ಟಿಗೆ ಹೋಗುವುದಿಲ್ಲ. ಇದನ್ನು ಹೇಳಲಿಕ್ಕೇ ಬರೆದೆ. ನೀವು ಹೆದರಬೇಕಾಗಿಲ್ಲ.

ಬ್ಯಾಂಕಿಗೂ ಹೋಗಿ ಬಂದೆವು. ನನ್ನ ಸಂಬಳಕ್ಕೆ ಚೀಟಿ ಇಲ್ಲ ಎಂದು ತಿರುಗಿ ಕಳಿಸಿದರು. ಕುಸುಮ ಅವರು ಮುಂಗಡ ಕೊಡುತ್ತೇನೆ ಎಂದಿದ್ದಾರೆ. ಅದು ಅರ್ಧಕ್ಕೂ ಸಾಲದು. ಮಾಂತು ಕೇಳಲಿಲ್ಲ, ಆದರೆ ಅವನಿಗೆ ಗೊತ್ತಾಗಿದೆ. ನಿನ್ನೆ ಒಂದು ಔಷಧಿ ಅಂಗಡಿಯಲ್ಲಿ ಕೆಲಸ ಕೇಳಿ ಬಂದ. "ಓದಿ ಹೋಗೂದೂ ಅಲ್ಲೇ ಅಲ್ಲೇನವ್ವಾ, ಈಗ ಹ್ವಾದ್ರ ನಾಲ್ಕು ವರ್ಷ ಉಳೀತಾವ" ಎಂದು ನಕ್ಕ. ನಾನೂ ನಕ್ಕೆ ಎಂದು ವಹಿಯಲ್ಲಿ ಬರೆದಿದ್ದೇನೆ. ನಕ್ಕ ನೆನಪು ಈಗ ಇಲ್ಲ.

ಇಲ್ಲಿ ಮಳೆ ಬಿಟ್ಟಿಲ್ಲ. ಬಟ್ಟೆ ಒಣಗುವುದಿಲ್ಲ.

ಶೈಲಾ

*

ಹುಬ್ಬಳ್ಳಿ
6 ಆಗಸ್ಟ್ 2025

ಶೈಲಾ,

ನಿನ್ನ ಕೊನೆಯ ಎರಡು ಪತ್ರಗಳೂ ನನ್ನ ಮುಂದೆ ಇವೆ. ಮೊದಲನೆಯದು ಬಂದಾಗ, ಇದನ್ನು ವಕೀಲರು ಹೇಳಿ ಬರೆಸಿದ್ದಾರೆ, ನನ್ನನ್ನು ಸಿಕ್ಕಿಸಲು ನೋಡುತ್ತಿದ್ದೀ ಎಂದುಕೊಂಡೆ. ಸುಳ್ಳು ದಾಖಲೆ ಕೊಟ್ಟವನು ನಾನಲ್ಲವೇ. ಅಣ್ಣ ಶಿವಪ್ಪನಿಗೆ ಫೋನಿನಲ್ಲಿ ಓದಿ ಹೇಳಿದೆ. ಉತ್ತರ ಬರೀಬ್ಯಾಡ, ಕೈಯಕ್ಷರ ಕೊಡಬ್ಯಾಡ ಎಂದ. ಪತ್ರವನ್ನು ಆಫೀಸಿನ ರಸೀದಿ ಪುಸ್ತಕದ ನಡುವೆ ಇಟ್ಟುಬಿಟ್ಟೆ.

ಎರಡನೆಯದು ಬಂದಾಗ ನಾನು ಮನೆಯಲ್ಲಿ ಇರಲಿಲ್ಲ. ಮನೆಯವಳು ನೀಲಿಮಾ ಒಡೆದು ಓದಿದಳು. ಅವಳಿಗೆ ಮೊದಲಿನವನ ಸುದ್ದಿ ನಾನು ಎಂದೂ ಹೇಳಿರಲಿಲ್ಲ. ಊಟಕ್ಕೆ ಬಡಿಸಿ ಎದುರಿಗೆ ಕೂತಳು. ಎಲ್ಲವನ್ನೂ ಹೇಳಿಸಿಕೊಂಡಳು. ಕೊನೆಗೆ ಒಂದೇ ಮಾತು ಕೇಳಿದಳು. "ಸತ್ತ ಕೂಸಿನ ವಯಸ್ಸು ಹಿಡದು ಇದ್ದ ಕೂಸಿಂದ ತಪ್ಪಸ್ತೀರೇನ್ರಿ?" ನಾನು ಕೈ ತೊಳೆದು ಎದ್ದೆ.

ನಿಜ ಹೇಳುತ್ತೇನೆ. ಜೂನ್ ಒಂಬತ್ತು ಬಂದರೆ ಸಾಕು ಎಂದು ನಾನು ಕಾಯುತ್ತಿದ್ದೆ. ಆ ಹಣವನ್ನು ಮಗಳ ಶಾಲೆಗೆ ಎಂದು ಮೊದಲೇ ತೆಗೆದಿಟ್ಟಿದ್ದೆ. ಆದರೆ ನಿನಗೆ ಆಶೀರ್ವಾದ ಬರೆದಾಗ ನಾನು ಮೋಸ ಮಾಡಲಿಲ್ಲ. ಅವನ ಹುಟ್ಟುಹಬ್ಬ ಅಂದೇ ಎಂದು ನಂಬಿ ಬರೆದೆ. ಆಗಸ್ಟ್ ಇಪ್ಪತ್ತೆರಡು ನನ್ನ ತಲೆಯಿಂದ ಪೂರಾ ಹೋಗಿತ್ತು. ನಿನ್ನ ಪತ್ರ ಓದಿದ ಮೇಲೂ ಸ್ವಲ್ಪ ಹೊತ್ತು, ಅದು ಯಾವ ತಾರೀಕು ಎಂದು ಯೋಚಿಸಿದೆ. ನನ್ನ ಲೆಕ್ಕದಲ್ಲಿ ಒಬ್ಬನೇ ಮಗ ಹುಟ್ಟಿದ್ದ. ಅವನು ಸತ್ತಿರಲಿಲ್ಲ.

ಇನ್ನೊಂದು ಇದೆ. ಇದನ್ನು ಎರಡು ಸಲ ಬರೆದು ಹರಿದೆ.

ಅಂದು ಪಂಚಾಯ್ತಿಯಲ್ಲಿ ದಾಖಲೆ ಸಿಗಲಿಲ್ಲ ಎಂದು ನಾನು ಹೇಳಿದ್ದು ಸುಳ್ಳು. ಎರಡು ಸಲ ಓಡಾಡಿ ಮಾಡಿಸಿಕೊಂಡು ಬಂದಿದ್ದೆ. ಶಾಲೆಗೆ ಹೋದ ದಿನ ಅದು ನನ್ನ ಚೀಲದಲ್ಲಿ ಇತ್ತು. ಪ್ಲಾಸ್ಟಿಕ್ ಹಾಕಿದ್ದು ಕಿಸೆಯಲ್ಲಿ ಇತ್ತು. ವಯಸ್ಸು ಕಡಿಮೆ ಎಂದರೆ ಹಳೆಯದನ್ನು ತೋರಿಸಿದರಾಯಿತು ಎಂದು ಎರಡನ್ನೂ ಒಯ್ದಿದ್ದೆ. ಶಾಲೆಯ ಮುಖ್ಯಸ್ಥೆ, ಹೆಡ್ ಬಾಯಿ, ಕಾಗದ ಕೊಡಿ ಎಂದು ಕೈ ಚಾಚಿದರು. ವಯಸ್ಸು ಕೇಳಲಿಲ್ಲ. ನಾನು ಚೀಲಕ್ಕೆ ಕೈ ಹಾಕಬೇಕಿತ್ತು. ಕಿಸೆಗೆ ಹಾಕಿದೆ.

ಅವನು ಇದ್ದ ಎನ್ನಲು ನಮ್ಮ ಹತ್ತಿರ ಆ ಕಾಗದ ಬಿಟ್ಟರೆ ಏನಿತ್ತು? ಒಂದು ಫೋಟೋ ಕೂಡ ತೆಗೆಸಿರಲಿಲ್ಲ. ಆರು ವರ್ಷ ಟ್ರಂಕಿನಲ್ಲಿ ಇತ್ತು. ಅದನ್ನು ಶಾಲೆಯ ಪುಸ್ತಕದಲ್ಲಿ ಬರೆದುಕೊಂಡರೆ ವರ್ಷ ವರ್ಷ ಅವನೂ ಮುಂದಿನ ತರಗತಿಗೆ ಹೋಗುತ್ತಾನೆ ಅನಿಸಿತು. ಬರೆದುಕೊಂಡರು. ನಾನು ಹೊರಗೆ ಬಂದು ಚಹಾ ಕುಡಿದೆ. ಆ ದಿನ ನನಗೆ ಆರಾಮ ಅನಿಸಿತು. ಆಮೇಲೆ ಮನೆಯಲ್ಲಿ ಇದ್ದವನ ಮುಖ ನೋಡಲು ಆಗುತ್ತಿರಲಿಲ್ಲ. ನೀನು ಅದಕ್ಕೇ ಜಗಳ ಮಾಡುತ್ತಿದ್ದೆ. ನಿನಗೆ ಕಾರಣ ಹೇಗೆ ಹೇಳಲಿ.

ಎರಡನೆಯವನ ಕಾಗದ ಇದರೊಳಗೆ ಇದೆ. ಅಸಲು. ಇದನ್ನು ಹಿಡಿದು ಕೋರ್ಟಿಗೆ ಹೋದರೆ ನಾನು ತಪ್ಪಿತಸ್ಥ ಎಂದು ತೋರಿಸಬಹುದು. ನೀನು ಹೋಗುವುದಿಲ್ಲ ಎಂದು ಬರೆದಿದ್ದೀ, ಆದರೂ ಇದು ನಿನ್ನ ಹತ್ತಿರ ಇರಲಿ.

ನಿಂತುಹೋದ ಮೂರು ತಿಂಗಳಿನದು ಇಂದು ಹಾಕಿದ್ದೇನೆ. ಉಳಿದದ್ದು ಪ್ರತಿ ಐದಕ್ಕೆ ಬರುತ್ತದೆ, ಮುಂದಿನ ಆಗಸ್ಟಿನವರೆಗೆ. ಮಗಳಿಗೆ ಎಂದು ಇಟ್ಟದ್ದರಲ್ಲಿ ಒಂದಿಷ್ಟನ್ನು ನೀಲಿಮಾ ತಾನೇ ತೆಗೆದು ಕೊಟ್ಟಳು, ಅದೂ ಸೇರಿದೆ. ಮೊದಲ ವರ್ಷದ ಶುಲ್ಕ ಹೊಂದಬಹುದು.

ಆ ಕಲ್ಲು ಅಲ್ಲೇ ಇದೆಯೇ?

ಚನ್ನವೀರ

*

ಪುಣೆ
22 ಆಗಸ್ಟ್ 2025

ಮಾಂತೂನ ಅಪ್ಪನಿಗೆ,

ಹಣ ಬಂತು. ಕಾಗದವೂ ಬಂತು. ಮಡಚಿದ ಕಡೆ ಸ್ವಲ್ಪ ಹರಿದಿದೆ. ಇದಕ್ಕೆ ನೀವು ಪ್ಲಾಸ್ಟಿಕ್ ಹಾಕಿಸಿರಲಿಲ್ಲ.

ನಿಮ್ಮ ಪತ್ರ ಓದಿ ಅಳು ಬರುತ್ತದೆ ಎಂದು ಕಾದೆ. ಬರಲಿಲ್ಲ. ಹೋಟೆಲಿಗೆ ಹೋದೆ, ಬಂದೆ. ಅಂದು ವಹಿಯಲ್ಲಿ "ಚೀಲದಲ್ಲಿ ಇತ್ತು" ಎಂದಷ್ಟೇ ಬರೆದಿದ್ದೇನೆ. ನಾನೂ ಆ ದಿನ ನಿಮ್ಮ ಚೀಲ ತೆಗೆದು ನೋಡಬಹುದಿತ್ತು.

ಪ್ರತಿ ವರ್ಷ ಜೂನ್ ಒಂಬತ್ತಕ್ಕೆ ಶಾಲೆಯಲ್ಲಿ ಹಂಚಲು ಅವನಿಗೆ ಚಾಕಲೇಟು ಕೊಡಿಸುತ್ತಿದ್ದೆ. ಆಗಸ್ಟ್ ಇಪ್ಪತ್ತೆರಡಕ್ಕೆ ಗೋಧಿ ಹುಗ್ಗಿ ಮಾಡುತ್ತಿದ್ದೆ. ಯಾಕವ್ವಾ ಎಂದರೆ, ಶ್ರಾವಣ ಎನ್ನುತ್ತಿದ್ದೆ. ಇವತ್ತು ಕಾರಣ ಹೇಳಿ ಬಡಿಸಿದೆ. ಕಾಗದವನ್ನು ತಟ್ಟೆಯ ಪಕ್ಕ ಇಟ್ಟೆ.

ಅವನು ಕಾಗದ ಓದಿದ. ಆಮೇಲೆ ಹುಗ್ಗಿ ತಿಂದ. ಪೂರಾ ತಿಂದು, ತಟ್ಟೆ ತೊಳೆದಿಟ್ಟು ಬಂದು ಕೇಳಿದ, "ನಾ ಯಾವಾಗ್ಲೂ ಸಾಲಿನ್ಯಾಗ ಎಲ್ಲಾರ್ಕಿಂತ ಮುಂದ ನಿಲ್ತಿದ್ದೆ. ಅದಕ್ಕೇನು?" ಹೌದು ಎಂದೆ. ಹನ್ನೆರಡು ವರ್ಷ ಅವನು ತನ್ನನ್ನು ಗಿಡ್ಡ ಎಂದುಕೊಂಡಿದ್ದ. ಬಾಗಿಲ ಕಂಬಕ್ಕೆ ಬೆನ್ನು ಹಚ್ಚಿ ಬೆಳೆಯುವುದನ್ನು ಗುರುತು ಹಾಕುತ್ತಿದ್ದ. ನಿಮಗೆ ಅದು ಗೊತ್ತಿರಲಿಕ್ಕಿಲ್ಲ, ನೀವು ಹೋದ ಮೇಲಿನದು.

ಸ್ವಲ್ಪ ಹೊತ್ತಿಗೆ, "ಮತ್ತ ನಾ ಮೊನ್ನೆ ತಗೊಂಡ ಲೈಸೆನ್ಸ್ ಖೊಟ್ಟಿ ಏನವ್ವಾ?" ಎಂದ. ಗಾಡಿ ಮುಟ್ಟಬೇಡ ಎಂದೆ. ಬೈಯುತ್ತಾನೆ ಎಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ.

ಮೊದಲಿನವನನ್ನು ಎಲ್ಲಿ ಮಣ್ಣು ಮಾಡಿದಿರಿ ಎಂದು ಕೇಳಿದ. ಇಂಡಿಯಲ್ಲಿ, ಅಜ್ಜನ ಹೊಲದ ಬದುವಿನಲ್ಲಿ, ಒಂದು ಕಲ್ಲು ಇದೆ ಎಂದೆ. ಅವನು ನನ್ನ ಮುಖ ನೋಡಿದ. "ಸೂಟಿಗೆ ಹ್ವಾದಾಗೆಲ್ಲ ನಾ ಅದರ ಮ್ಯಾಲ ಕುಂತು ಕಬ್ಬು ತಿಂತಿದ್ದೆ. ಒಬ್ಬಾರರೆ ಬ್ಯಾಡ ಅನಬಾರ್ದಿತ್ತೇನು?" ಎಂದ. ನಾನು ಮನೆಯ ಕಟ್ಟೆಯಿಂದ ನೋಡುತ್ತಿದ್ದೆ. ಇಬ್ಬರೂ ಒಂದು ಕಡೆ ಇದ್ದಾರೆ ಎಂದು ನೋಡುತ್ತಿದ್ದೆ. ಅದನ್ನು ಅವನಿಗೆ ಹೇಳಲಿಲ್ಲ. ನಿಮಗೆ ಹೇಳುತ್ತಿದ್ದೇನೆ. ಕಲ್ಲು ಅಲ್ಲೇ ಇದೆ.

ಮಧ್ಯಾಹ್ನ ಕಾಲೇಜಿಗೆ ಹೋದೆವು. ಶುಲ್ಕ ಕಟ್ಟಿ ಆಯಿತು. ಕೊನೆಯ ಒಂದು ಅರ್ಜಿಯನ್ನು ಅಲ್ಲೇ ಕೂತು ತುಂಬಬೇಕಿತ್ತು. ಹೆಸರು ಬರೆದ. ತಂದೆಯ ಹೆಸರು ಬರೆದ. ಹುಟ್ಟಿದ ತಾರೀಕಿನ ಕಡೆ ಪೆನ್ನು ನಿಂತಿತು. ಹಿಂದೆ ಸಾಲು ಇತ್ತು. ಕಿಟಕಿಯ ಒಳಗಿನವರು ಬೇಗ ಎಂದರು. ಏನು ಬರೆಯಬೇಕು ಎಂದು ನನ್ನ ಕಡೆ ತಿರುಗುತ್ತಾನೆ ಎಂದುಕೊಂಡೆ. ತಿರುಗಲಿಲ್ಲ. 09-06-2007 ಎಂದು ಬರೆದ. ನಿಧಾನವಾಗಿ, ಪ್ರತಿ ಅಂಕಿಯನ್ನೂ ಅದರ ಚೌಕದ ಒಳಗೆ.

ಹೊರಗೆ ಬಂದ ಮೇಲೆ, "ಇರ್ಲಿ ಬಿಡವ್ವಾ. ಅಂವನೂ ಇಲ್ಲೀ ತನಕ ಬಂದಾನ" ಎಂದ.

ಬಸ್ಸಿನಲ್ಲಿ ಅವನು ಕಿಟಕಿಯ ಕಡೆ ಕೂತಿದ್ದ. ನಾನು ಚೀಲ ಹಿಡಿದುಕೊಂಡಿದ್ದೆ.

ನೀಲಿಮಾ ಅವರಿಗೆ ನನ್ನ ನಮಸ್ಕಾರ ಹೇಳಿ. ಅವರು ಕೊಟ್ಟದ್ದನ್ನು ಮರೆಯುವುದಿಲ್ಲ.

ನೀವು ಕಳಿಸುವುದನ್ನು ಮುಂದಿನ ವರ್ಷ ಆಗಸ್ಟ್ ಇಪ್ಪತ್ತೆರಡಕ್ಕೆ ನಿಲ್ಲಿಸಿ. ಅದು ಸರಿಯಾದ ತಾರೀಕು. ಅಂದು ಅವನಿಗೆ ಹದಿನೆಂಟು. ಆಶೀರ್ವಾದವನ್ನು ನನ್ನ ಕೈಯಲ್ಲಿ ಹೇಳಿಸಬೇಡಿ, ನೀವೇ ಹೇಳಿ. ಅವನ ಫೋನ್ ನಂಬರನ್ನು ಈ ಹಾಳೆಯ ಹಿಂದೆ ಬರೆದಿದ್ದೇನೆ. ಅವನನ್ನು ಕೇಳಿಯೇ ಬರೆದದ್ದು.

ಶೈಲಾ